ಎರಡೂವರೆ ಮಳೆಗಾಲ ಕಂಡ ‘ವಾಟರ್‌ಪ್ರೂಫ್’ ಆರ್‌ಸಿ ಟ್ರಕ್

ಆರ್‌ಸಿ ಅಂದರೆ ರಿಮೋಟ್ ಹಿಡಿದು ಓಡಿಸುವ ಆಟದ ಗಾಡಿ. ಅದರ ಡಬ್ಬಿಯ ಮೇಲೆ ‘ವಾಟರ್‌ಪ್ರೂಫ್’ ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. ಒಳಗಿದ್ದ ಪುಸ್ತಕದಲ್ಲಿ, ಹುಡುಕಿದರೆ ಮಾತ್ರ ಕಾಣುವಂತೆ, ‘ಎಲೆಕ್ಟ್ರಾನಿಕ್ಸ್ ಮಾತ್ರ’ ಅಂತಲೂ ಬರೆದಿತ್ತು. ನಾನು ಡಬ್ಬಿ ಓದಿದೆ, ಪುಸ್ತಕ ಓದಲಿಲ್ಲ.

ಗಾಡಿ ಬಂದದ್ದು 2022ರ ಮೇ ತಿಂಗಳಲ್ಲಿ. 1:10 ಅಳತೆಯ, ಅಂದರೆ ನಿಜವಾದ ಗಾಡಿಯ ಹತ್ತನೇ ಒಂದರಷ್ಟಿನ ಟ್ರೇಲ್ ಟ್ರಕ್. ಕಲ್ಲುಮಣ್ಣಿನಲ್ಲಿ ನಿಧಾನಕ್ಕೆ ಹತ್ತಿಳಿಯುವ ಕ್ರಾಲರ್ ಅಂತಾರಲ್ಲ, ಆ ಜಾತಿ. ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ (ವೀಲ್‌ಬೇಸ್) 313 ಮಿ.ಮೀ. ಬ್ಯಾಟರಿ ಸೇರಿ ಎರಡೂಮುಕ್ಕಾಲು ಕೆಜಿ ತೂಗುತ್ತದೆ. 550 ಸೈಜಿನ ಬ್ರಷ್ ಮೋಟರ್, ಫೋರ್ ವೀಲ್ ಡ್ರೈವ್, 7.4 ವೋಲ್ಟಿನ ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿ. ಕಂಪನಿ ಹೆಸರು ಬರೆಯುತ್ತಿಲ್ಲ. ಇಲ್ಲಿ ಹೇಳುವುದು ಈ ಅಳತೆಯ ಹೆಚ್ಚುಕಮ್ಮಿ ಎಲ್ಲ ಗಾಡಿಗೂ ಹೊಂದುತ್ತದೆ, ಜೊತೆಗೆ ಹಾಳಾದದ್ದರಲ್ಲಿ ಅರ್ಧ ನನ್ನದೇ ಪ್ರತಾಪ. ಬೆಲೆ ನಲವತ್ತು ಸಾವಿರದ ಹತ್ತಿರ ಹತ್ತಿರ. ಹೊರದೇಶದ ಆಟಿಕೆ ಮೇಲಿನ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ಅಗ್ಗಕ್ಕೆ ಸಿಗುವ ಕಾಲ ಮುಗಿಯಿತು. ಅಪ್ಪಯ್ಯನಿಗೆ ನಾಲ್ಕು ಸಾವಿರ ಅಂತ ಹೇಳಿದ್ದೇನೆ.

ನನ್ನ ಕೆಲಸ ಶಿವಮೊಗ್ಗದಲ್ಲಿ, ಮನೆ ತೀರ್ಥಹಳ್ಳಿ ಕಡೆ. ಶನಿವಾರ ಸಂಜೆ ಊರಿಗೆ ಹೋದರೆ ಭಾನುವಾರ ಪೂರ್ತಿ ಗಾಡಿ. ತೋಟದ ಬಸಿಗಾಲುವೆ, ಮನೆ ಕೆಳಗಿನ ಹಳ್ಳ, ನಾಟಿಗೆ ಮುಂಚೆ ಉತ್ತು ನೀರು ನಿಲ್ಲಿಸಿದ ಗದ್ದೆ, ಇವೇ ನನ್ನ ಟ್ರ್ಯಾಕ್. 2023ರಲ್ಲಿ ಮಳೆ ಕೈಕೊಟ್ಟಿತು, ಹಳ್ಳದಲ್ಲಿ ಟೈರ್ ಮುಳುಗುವಷ್ಟೂ ನೀರಿರಲಿಲ್ಲ. ಹಾಗಾಗಿ ಎರಡೂವರೆ ಮಳೆಗಾಲ ಅಂದೆ.

ಮೊದಲ ವರ್ಷ ನಾನು ಮಾಡಿದ್ದು ಕಂಡ ಕಂಡ ತೂತು ಮುಚ್ಚಿದ್ದು. ಎರಡನೇ ವರ್ಷ ಮುಚ್ಚಿದ್ದರಲ್ಲಿ ಮುಕ್ಕಾಲು ಬಿಚ್ಚಿದೆ. ಇಷ್ಟು ಸಣ್ಣ ಗಾಡಿಯಲ್ಲಿ ನೀರು ಒಳಗೆ ಬರದಂತೆ ತಡೆಯುವುದು ಆಗದ ಮಾತು. ಬಂದ ನೀರು ಬೇಗ ಹೊರಗೆ ಹೋಗಬೇಕು, ಅಷ್ಟೇ. ಗಟ್ಟಿಯಾಗಿ ಮುಚ್ಚಬೇಕಾದ ಜಾಗ ಮೂರೇ: ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರ್, ಸ್ಟೀರಿಂಗ್ ತಿರುಗಿಸುವ ಸರ್ವೋ, ಮೋಟರ್‌ಗೆ ಕರೆಂಟ್ ಕೊಡುವ ಇಎಸ್‌ಸಿ. ಮಿಕ್ಕಿದ್ದೆಲ್ಲ ಸೋರುವ ಹಾಗೇ ಇರಲಿ.

ಇಎಸ್‌ಸಿ ಬಗ್ಗೆ ನನ್ನ ತಕರಾರಿಲ್ಲ. ಕಾರ್ಖಾನೆಯಲ್ಲೇ ಎಪಾಕ್ಸಿ ಅಂಟು ಸುರಿದು ಕಲ್ಲಿನ ಹಾಗೆ ಮಾಡಿಟ್ಟಿರುತ್ತಾರೆ. ಇವತ್ತಿಗೂ ಅದೇ ಓಡುತ್ತಿದೆ. ರಿಸೀವರ್ ಕಥೆ ಬೇರೆ. ಅದು ಕೂರುವ ಪುಟ್ಟ ಡಬ್ಬಿಗೆ ರಬ್ಬರ್ ರಿಂಗ್ ಇರುತ್ತದೆ, ವೈರುಗಳು ಹೊರಬರುವ ಕಡೆ ಒಂದು ತುಂಡು ಫೋಮ್. ಕಂಪನಿಯಿಂದ ಬಂದಾಗ ಎರಡಕ್ಕೂ ಸಿಲಿಕೋನ್ ಗ್ರೀಸ್ ಸವರಿತ್ತು. ನಾನು ಲೈಟಿನ ವೈರು ಸೇರಿಸೋಣ ಅಂತ ಬಿಚ್ಚಿ, ಗ್ರೀಸ್ ಇಲ್ಲದೆ ಸುಮ್ನೆ ಸ್ಕ್ರೂ ಬಿಗಿದೆ. ಎರಡು ವಾರ ಏನೂ ಆಗಲಿಲ್ಲ. ಮೂರನೇ ಭಾನುವಾರ ಹಳ್ಳದ ಮಧ್ಯೆ ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿ ನಿಂತಿತು. ಗಾಡಿ ಗಾಣದ ಎತ್ತಿನ ಹಾಗೆ ಸುತ್ತತೊಡಗಿತು. ಬಿಚ್ಚಿ ನೋಡಿದರೆ ಡಬ್ಬಿ ತುಂಬ ನೀರೇನೂ ಇಲ್ಲ, ನಾಲ್ಕೈದು ಹನಿ ಅಷ್ಟೇ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಹೊಸ ವೈರಿನ ಗುಂಟ ಒಳಗೆ ಬಂದಿತ್ತು.

ಆಮೇಲೆ ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಹಾರ್ಡ್‌ವೇರ್ ಅಂಗಡಿಯಿಂದ ಬಾತ್‌ರೂಮ್‌ಗೆ ಹಾಕುವ ಸಿಲಿಕೋನ್ ಟ್ಯೂಬ್ ತಂದು ಹೊಸ ರಿಸೀವರ್‌ನ ಬೋರ್ಡಿಗೇ ಬಳಿದೆ. ಒಣಗುವಾಗ ವಿನೆಗರ್ ವಾಸನೆ ಬಂತು. ಆ ವಾಸನೆ ಬಂದರೆ ಅದರಲ್ಲಿ ಅಸಿಟಿಕ್ ಆಮ್ಲ ಬಿಡುಗಡೆಯಾಗುತ್ತಿದೆ ಅಂತ ಅರ್ಥ, ಅದು ತಾಮ್ರವನ್ನು ತಿನ್ನುತ್ತದೆ. ತಿಂಗಳ ಮೇಲೆ ಕಿತ್ತು ನೋಡಿದೆ. ಪಿನ್ನುಗಳ ಬುಡದಲ್ಲಿ ತಾಮ್ರದ ಚೊಂಬಿಗೆ ಹಿಡಿಯುವಂಥ ಹಸಿರು ಕಿಲುಬು. ‘ನ್ಯೂಟ್ರಲ್ ಕ್ಯೂರ್’ ಅಂತ ಬರೆದಿರುವ ಟ್ಯೂಬೇ ಬೇಕು. ಅದಕ್ಕಿಂತ ಒಳ್ಳೆಯದು ಬೋರ್ಡಿಗೆ ಕನ್ಫಾರ್ಮಲ್ ಕೋಟಿಂಗ್, ಅಂದರೆ ತೇವ ತಡೆಯುವ ತೆಳು ಲೇಪ. ಉಗುರುಬಣ್ಣದ ಹಾಗೆ ಬ್ರಷ್‌ನಲ್ಲಿ ಎರಡು ಸಲ ತೆಳ್ಳಗೆ ಹಚ್ಚುವುದು. ವೈರು ಸಿಕ್ಕಿಸುವ ಪಿನ್ನು, ರಿಮೋಟಿಗೆ ಜೋಡಿಸುವ ಬೈಂಡ್ ಬಟನ್ ಇವಕ್ಕೆ ಮಾತ್ರ ತಾಗಿಸಬೇಡಿ. ಪಿನ್ನುಗಳಿಗೆ ಕರೆಂಟ್ ಹರಿಯಗೊಡದ ಡೈಎಲೆಕ್ಟ್ರಿಕ್ ಗ್ರೀಸ್ ತುಂಬಿ ಕನೆಕ್ಟರ್ ಒತ್ತಿದರೆ ಸಾಕು. ಈ ಎರಡು ಕೆಲಸ ಮಾಡಿದ ಮೇಲೆ ರಿಸೀವರ್ ಒಂದು ದಿನವೂ ಕೈಕೊಟ್ಟಿಲ್ಲ.

ಹಳ್ಳದಲ್ಲಿ ಗಾಡಿ ನಿಂತಿತು ಅಂದ ಕೂಡಲೇ ನೀರು ನುಗ್ಗಿದೆ ಅಂತ ಗಾಬರಿ ಬೀಳಬೇಡಿ. ನಮ್ಮ ಹಳ್ಳದಲ್ಲಿ ಮೊಣಕಾಲುದ್ದದ ಒಂದು ಗುಂಡಿ ಇದೆ. ಗಾಡಿ ಅದರೊಳಗೆ ಪೂರ್ತಿ ಮುಳುಗಿತು, ಅಲ್ಲೇ ಕೂತಿತು. ಕಾರಣ ಇಷ್ಟೇ: ರಿಮೋಟಿನ 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ನುಂಗಿಬಿಡುತ್ತದೆ. ಆಂಟೆನಾ ಮುಳುಗಿದರೆ ಗಾಡಿಗೆ ಕಿವಿ ಕೇಳುವುದಿಲ್ಲ. ಅಡಿಕೆ ಕೊಯ್ಯುವ ದೋಟಿ ತಂದು ಬಂಪರಿಗೆ ಸಿಕ್ಕಿಸಿ ಎಳೆದೆ, ನೀರು ಬಸಿದ ಕೂಡಲೇ ಓಡಿತು. ದೋಟಿಗೆ ಕೊಕ್ಕೆ ಇರುವುದು ಇದಕ್ಕೇ ಇರಬೇಕು. ಆ ಹೊತ್ತಿಗೆ ನನ್ನ ಕಾಲಿಗೆ ಮೂರು ಇಂಬಳ ಹತ್ತಿದ್ದವು, ಆ ಮಾತು ಬೇರೆ. ಬಾಡಿಯ ಮೇಲೆ ಶೋಕಿಗೆ ಒಂದು ಪ್ಲಾಸ್ಟಿಕ್ ಸ್ನಾರ್ಕೆಲ್, ಅಂದರೆ ಮೇಲಕ್ಕೆ ಚಾಚಿದ ಗಾಳಿ ಕೊಳವೆ, ಇತ್ತು. ಈಗ ಆಂಟೆನಾ ಅದರೊಳಗೆ ತೂರಿ ಮೇಲಕ್ಕೆ ಬಂದಿದೆ. ಸಿಗ್ನಲ್ ತಪ್ಪಿದರೆ ಥ್ರಾಟಲ್ ತಾನಾಗೇ ನ್ಯೂಟ್ರಲ್‌ಗೆ ಬರುವಂತೆ ಫೇಲ್‌ಸೇಫ್ ಹೊಂದಿಸಿಕೊಳ್ಳಿ. ಇಲ್ಲದಿದ್ದರೆ ಗಾಡಿ ತುಂಗೆಯವರೆಗೂ ಹೋದೀತು.

ಸರ್ವೋ ಸತ್ತದ್ದು ಎರಡನೇ ವರ್ಷ. ಮಾರಿದ ಆನ್‌ಲೈನ್ ಅಂಗಡಿಗೆ ಫೋಟೋ ಕಳಿಸಿದೆ. ‘ನೀರು ಹೋಗಿದೆ ಸರ್, ವಾರಂಟಿ ಬರಲ್ಲ’ ಅಂದರು. ವಾಟರ್‌ಪ್ರೂಫ್ ಅಂತ ಮಾರಿದ ಗಾಡಿಗೆ ನೀರು ಹೋಗಿದ್ದಕ್ಕೆ ವಾರಂಟಿ ಇಲ್ಲ! ಒಂದು ವಾರ ಜಗಳ ಆಡಿ ಸುಮ್ಮನಾದೆ. ಹೊಸದಾಗಿ ಐಪಿ67 ಇರುವ ಮೆಟಲ್ ಗೇರ್ ಸರ್ವೋ ಹಾಕಿಸಿದೆ. ಐಪಿ ಅಂದರೆ ದೂಳು, ನೀರು ಎಷ್ಟು ತಡೆಯುತ್ತದೆ ಅನ್ನುವ ದರ್ಜೆ. ಇದರಲ್ಲಿ 6 ಅಂದರೆ ದೂಳು ಹೋಗದು, 7 ಅಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಇಟ್ಟರೂ ತಡೆಯುತ್ತದೆ. ಆದರೆ ಇದು ನಿಂತ ನೀರಿನ ಲೆಕ್ಕ. ರಭಸದ ನೀರಿನ ಪರೀಕ್ಷೆಯೇ ಬೇರೆ. ನಾನು ಕಾರು ತೊಳೆಯುವ ಪ್ರೆಶರ್ ವಾಷರ್ ಹಿಡಿದು ಮೊದಲ ಸರ್ವೋದ ಸೀಲ್ ಎಬ್ಬಿಸಿದ್ದೆ ಅಂತ ಈಗ ಅನ್ನಿಸುತ್ತದೆ. ಅಂಗಡಿಯವರಿಗೆ ಇದನ್ನು ಹೇಳಿರಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಇನ್ನೊಂದು ವಿಷಯ ತಡವಾಗಿ ತಲೆಗೆ ಹೊಳೆಯಿತು. ಬಿಸಿಯಾದ ಗಾಡಿಯನ್ನು ಸೀದಾ ತಣ್ಣೀರಿಗೆ ಇಳಿಸಬಾರದು. ಸರ್ವೋ, ಆಕ್ಸಲ್ ಒಳಗಿನ ಬಿಸಿ ಗಾಳಿ ತಟ್ಟನೆ ತಣಿದು ಕುಗ್ಗುತ್ತದೆ, ಆ ಜಾಗಕ್ಕೆ ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ದಡದಲ್ಲಿ ಹತ್ತು ನಿಮಿಷ ನಿಲ್ಲಿಸಿ, ಒಂದು ಲೋಟ ಕಾಫಿ ಕುಡಿದು ಇಳಿಸಿ.

ಬೇರಿಂಗ್ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಗಾಡಿಯ ಜೊತೆ ಬಂದವು ಲೋಹದ ಮುಚ್ಚಳದವು. ಅವು ದೂಳಿಗೆ ಸರಿ, ಕೆಸರಿಗಲ್ಲ. ಮೊದಲ ಆಗಸ್ಟ್‌ಗೇ ಚಕ್ರ ತಿರುಗಿಸಿದರೆ ಹುರಿಗಡಲೆ ಅಗಿದ ಶಬ್ದ. ಎರಡೂ ಬದಿ ರಬ್ಬರ್ ಸೀಲ್ ಇರುವ ಸೆಟ್ ತರಿಸಿ. ಚಕ್ರದ ಹತ್ತಿರ ಕೂರುವವು ನನ್ನ ಗಾಡಿಯಲ್ಲಿ 5x11x4 ಮಿ.ಮೀ. ಹೊಸದನ್ನು ಹಾಕುವ ಮುಂಚೆ ಸೂಜಿಯಿಂದ ರಬ್ಬರ್ ಮುಚ್ಚಳ ಮೆಲ್ಲಗೆ ಎಬ್ಬಿಸಿ, ಒಳಗೆ ವೀಲ್ ಬೇರಿಂಗ್ ಗ್ರೀಸ್ ಗಿಡಿದು ಮುಚ್ಚಿ. ಕಾರ್ಖಾನೆ ಹಾಕಿದ ತೆಳು ಎಣ್ಣೆ ಒಂದು ಹಳ್ಳಕ್ಕೂ ಸಾಲದು. ಚಕ್ರ ಸ್ವಲ್ಪ ಬಿಗಿಯಾಗಿ ತಿರುಗುತ್ತದೆ. ತಿರುಗಲಿ, ಇದೇನು ರೇಸ್ ಗಾಡಿಯಲ್ಲ. ಆಕ್ಸಲ್ ಒಳಗಿನ ಗೇರಿಗೂ ಇದೇ ಗ್ರೀಸ್.

ಟೈರು. ಒಳಗೆ ಗಾಳಿ ಇಲ್ಲ, ಫೋಮ್ ಇದೆ. ರಿಮ್ಮಿನಲ್ಲಿ ಗಾಳಿಯಾಡಲು ತೂತು. ಅದರಿಂದ ನೀರು ಹೋಗಿ ಫೋಮ್ ಸ್ಪಂಜಿನ ಹಾಗೆ ಕುಡಿಯುತ್ತದೆ. ಅಮ್ಮನ ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆ: ಒಣಗಿದ್ದಾಗ 170 ಗ್ರಾಂ ಇದ್ದ ಒಂದು ಚಕ್ರ ಹಳ್ಳದಿಂದ ಬಂದಾಗ 285. ನಾಲ್ಕು ಚಕ್ರಕ್ಕೆ ಅರ್ಧ ಕೆಜಿ ಹತ್ತಿರ ಬಿಟ್ಟಿ ಭಾರ. ಮೊದಲು ರಿಮ್ಮಿನ ತೂತಿಗೆ ಟೇಪು ಸುತ್ತಿದೆ. ನೀರು ಆಗಲೂ ಹೋಯಿತು, ಬರುವುದು ಮಾತ್ರ ನಿಂತಿತು. ಆಮೇಲೆ ಚಪ್ಪಲಿ ಹೊಲಿಯುವವರ ಹತ್ತಿರ ಹೋಗಿ ಟೈರಿನ ಮೈಮೇಲೇ ಮೂರು ಮಿ.ಮೀ.ನ ನಾಲ್ಕು ನಾಲ್ಕು ತೂತು ಹೊಡೆಸಿದೆ. ‘ಹೊಸ ಟೈರಲ್ವಾ ಸಾರ್?’ ಅಂತ ಎರಡು ಸಲ ಕೇಳಿದರು. ಈಗ ದಡಕ್ಕೆ ಬಂದು ಚಕ್ರ ಜೋರಾಗಿ ತಿರುಗಿಸಿದರೆ ನಾಯಿ ಮೈ ಕೊಡವಿದ ಹಾಗೆ ನೀರು ಚಿಮ್ಮುತ್ತದೆ. ಅಕ್ಕನ ಮಗನಿಗೆ ಇಡೀ ಆಟದಲ್ಲಿ ಇಷ್ಟವಾಗುವುದು ಇದೊಂದೇ. ಗದ್ದೆಗೆ ಇಳಿಸಿದರೆ ಮಾತ್ರ ಈ ತೂತೇ ಶತ್ರು. ಉತ್ತ ಗದ್ದೆಯ ನುಣುಪು ಕೆಸರು ಅದರಿಂದ ಒಳಗೆ ಹೋಗಿ ಫೋಮಿನಲ್ಲಿ ಒಣಗಿ ಇಟ್ಟಿಗೆಯಾಗುತ್ತದೆ. ಗದ್ದೆಗೆ ಬೇರೆ ಸೆಟ್ ಇಟ್ಟಿದ್ದೇನೆ. ಅದರೊಳಗೆ ನೀರು ಕುಡಿಯದ ಕ್ಲೋಸ್ಡ್ ಸೆಲ್ ಫೋಮ್.

ಎಲ್ಲ ಕೆಸರೂ ಒಂದೇ ಅಲ್ಲ. ನಮ್ಮ ಕಡೆಯ ಕೆಂಪು ಮಣ್ಣು ಬಟ್ಟೆಯ ಕಲೆ ಬಿಡದಿದ್ದರೂ ಗಾಡಿಯನ್ನು ಬೇಗ ಬಿಡುತ್ತದೆ. ಒಮ್ಮೆ ಗದಗ ಕಡೆಯ ಸ್ನೇಹಿತನ ಹೊಲಕ್ಕೆ ಒಯ್ದಿದ್ದೆ. ಎರೆಮಣ್ಣು, ಹಿಂದಿನ ದಿನ ಮಳೆ ಬಂದಿತ್ತು. ಹತ್ತು ಅಡಿ ಹೋಗುವಷ್ಟರಲ್ಲಿ ಒಂದೊಂದು ಚಕ್ರಕ್ಕೂ ರೊಟ್ಟಿ ಹಿಟ್ಟಿನ ಮುದ್ದೆ ಮೆತ್ತಿದ ಹಾಗಾಯಿತು. ಮೋಟರ್ ಸುಟ್ಟ ವಾಸನೆ. ಶಾಖ ನೋಡೋಣ ಅಂತ ಕೋವಿಡ್ ಕಾಲದ ಹಣೆ ಥರ್ಮಾಮೀಟರ್ ಹಿಡಿದರೆ ‘ಹೈ’ ಅಂತಷ್ಟೇ ತೋರಿಸಿತು. ಅದಕ್ಕೆ ಜ್ವರ ಮಾತ್ರ ಗೊತ್ತು. ಬೆರಳಿಟ್ಟು ಮೂರು ಎಣಿಸಲು ಆಗದಿದ್ದರೆ ನಿಲ್ಲಿಸಬೇಕು, ನನ್ನ ಅಳತೆ ಇದು. ಮೋಟರ್ ತುದಿಯ ಪುಟ್ಟ ಗೇರಿನಲ್ಲಿ (ಪಿನಿಯನ್) ಎರಡು ಹಲ್ಲು ಕಡಿಮೆ ಮಾಡಿಕೊಂಡ ಮೇಲೆ ನಮ್ಮ ಗದ್ದೆಯಲ್ಲಿ ಮೋಟರ್ ತಣ್ಣಗಿರುತ್ತದೆ. ವೇಗ ಹೋಯಿತು, ಬೇಕಾಗಿಯೂ ಇರಲಿಲ್ಲ. ಎರೆಮಣ್ಣಿಗೆ ಮಾತ್ರ ಇನ್ನೊಂದು ಸಲ ಇಳಿಸುವುದಿಲ್ಲ. ಬಾಡಿಯ ಒಳಮೈಗೆ ಮತ್ತು ಚಾಸಿಗೆ ಹೊರಡುವ ಮುಂಚೆ ಸಿಲಿಕೋನ್ ಸ್ಪ್ರೇ ಹೊಡೆಯುತ್ತೇನೆ. ಹಲಸಿನ ಹಣ್ಣು ಬಿಡಿಸುವ ಮುಂಚೆ ಕೈಗೆ ಎಣ್ಣೆ ಹಚ್ಚುತ್ತೇವಲ್ಲ, ಹಾಗೆ.

ಬ್ರಷ್ ಮೋಟರ್ ನೀರಿನಲ್ಲೂ ಓಡುತ್ತದೆ, ಸಾಯುವುದಿಲ್ಲ. ಆದರೆ ಮಣ್ಣು ಕಲಸಿದ ನೀರು ಬ್ರಷ್ಷನ್ನು ಮರಳುಕಾಗದದ ಹಾಗೆ ಉಜ್ಜುತ್ತದೆ. ನನ್ನದು ಎರಡನೇ ಮೋಟರ್. ಖರ್ಚಾಗುವ ವಸ್ತು ಅಂತಲೇ ಲೆಕ್ಕ ಹಾಕಿ.

ಓಡಿಸಿದ ಮೇಲಿನ ಅರ್ಧ ಗಂಟೆ ತುಂಬಾ ಮುಖ್ಯ, ಎಲ್ಲರೂ ಸೋಮಾರಿಯಾಗುವುದೂ ಅಲ್ಲೇ. ಮೊದಲು ಬ್ಯಾಟರಿ ತೆಗೆದು, ಒರೆಸಿ, ಬೇರೆ ಇಡುತ್ತೇನೆ. ಒದ್ದೆ ಬ್ಯಾಟರಿ ಚಾರ್ಜಿಗೆ ಹಾಕುವುದಿಲ್ಲ. ಆಮೇಲೆ ಬಕೆಟ್ ನೀರು, ಹಳೆಯ ಹಲ್ಲುಜ್ಜುವ ಬ್ರಷ್, ಕೆಸರು ಒಣಗುವ ಮುಂಚೆ. ಮೋಟರಿಗೆ ಮತ್ತು ಸ್ಕ್ರೂಗಳಿಗೆ ಡಬ್ಲ್ಯುಡಿ-40. ಅದರ ಹೆಸರಿನಲ್ಲೇ ಇದೆ, ‘ವಾಟರ್ ಡಿಸ್‌ಪ್ಲೇಸ್‌ಮೆಂಟ್’, ನೀರು ಓಡಿಸುವುದು ಅದರ ಕೆಲಸ. ಅದನ್ನೇ ಎಣ್ಣೆ ಅಂದುಕೊಂಡು ಬಿಡಬೇಡಿ, ಇದ್ದ ಗ್ರೀಸನ್ನೂ ತೊಳೆದು ಹೋಗುತ್ತದೆ. ನೀರು ಹೋದ ಮೇಲೆ ಮೋಟರಿನ ಎರಡೂ ತುದಿಗೆ ಒಂದೊಂದು ಹನಿ ಹೊಲಿಗೆ ಮಷೀನಿನ ಎಣ್ಣೆ. ಇನ್ನು ಒಣಗಿಸುವುದು. ಮಲೆನಾಡಿನ ಜುಲೈನಲ್ಲಿ ಬನಿಯನ್ನೇ ಒಣಗುವುದಿಲ್ಲ, ಗಾಡಿ ಹೇಗೆ ಒಣಗೀತು? ಬಚ್ಚಲೊಲೆಯ ಮೇಲೆ ಬಟ್ಟೆ ಒಣಹಾಕುವ ತಂತಿಗೆ, ಬೆಂಕಿಯಿಂದ ಒಂದಾಳೆತ್ತರದಲ್ಲಿ, ಗಾಡಿಯೂ ನೇತಾಡುತ್ತದೆ. ‘ನಿನ್ನ ಗಾಡಿಯ ಕೆಸರು ನನ್ನ ಸೀರೆ ಮೇಲೆ ಬಿದ್ದರೆ ನೋಡು’ ಅಂತ ಅಮ್ಮ ಪ್ರತಿ ಭಾನುವಾರ ಹೇಳುತ್ತಾಳೆ.

ಅಡಿಕೆ ತೋಟದವರಿಗೆ ಒಂದು ಮಾತು. ಕೊಳೆರೋಗಕ್ಕೆ ಮೈಲುತುತ್ತ (ತಾಮ್ರದ ಲವಣ), ಸುಣ್ಣ ಸೇರಿಸಿ ಬೋರ್ಡೋ ಔಷಧಿ ಕಲಸುವ ಜಾಗದ ಹತ್ತಿರ ಗಾಡಿ ಒಯ್ಯಬೇಡಿ. ಔಷಧಿಗೆ ಸುಣ್ಣ ಸಾಕಾಗಿದೆಯೋ ಇಲ್ಲವೋ ಅಂತ ಕಬ್ಬಿಣದ ಕತ್ತಿ ಅದ್ದಿ ನೋಡುತ್ತೇವೆ, ಕತ್ತಿ ಕೆಂಪಾದರೆ ಇನ್ನೂ ಸುಣ್ಣ ಬೇಕು. ಮೈಲುತುತ್ತ ಕರಗಿಸಿದ ಡ್ರಮ್ ತೊಳೆದ ನೀರಿನಲ್ಲಿ ನನ್ನ ಗಾಡಿ ನಿಂತು, ಸ್ಟೀಲ್ ಪಿನ್ನುಗಳೆಲ್ಲ ಆ ಕತ್ತಿಯ ಹಾಗೆ ಕೆಂಪಾದವು. ತುಕ್ಕು ಅಂತ ಉಜ್ಜಿದೆ, ತಾಮ್ರ.

ಖರ್ಚು: ಬೇರಿಂಗ್, ಸರ್ವೋ, ಒಂದು ಮೋಟರ್, ಎರಡು ರಿಸೀವರ್, ಗ್ರೀಸು, ಕೋಟಿಂಗ್ ಎಲ್ಲ ಸೇರಿ ಇಲ್ಲಿಯವರೆಗೆ ಒಂಬತ್ತು ಸಾವಿರ ಚಿಲ್ಲರೆ. ಮೊದಲೇ ಗೊತ್ತಿದ್ದರೆ ಐದರಲ್ಲಿ ಮುಗಿಯುತ್ತಿತ್ತು. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ, ಒಂದನ್ನು ಕತ್ತರಿಸಿದ್ದು ಡಬ್ಬಿಯ ಮೇಲಿನ ಆ ದಪ್ಪ ಅಕ್ಷರಕ್ಕೆ.

ಕಳೆದ ಆಗಸ್ಟ್‌ನಲ್ಲಿ ತೋಟದ ದಾರಿಯ ಅಡಿಯ ಮೋರಿ ಕಟ್ಟಿಕೊಂಡಿತು. ಒಂದೂವರೆ ಅಡಿ ಅಗಲದ ಸಿಮೆಂಟ್ ಪೈಪು, ಇಪ್ಪತ್ತು ಅಡಿ ಉದ್ದ, ಅರ್ಧ ಕೆಸರು. ಬಿದಿರು ತೂರಿಸಿ ಸಾಕಾಗಿ ಅಪ್ಪಯ್ಯ ನನ್ನ ಕಡೆ ನೋಡಿದರು. ಬಾಡಿ ಬಿಚ್ಚಿ, ಹಿಂದಿನ ಬಂಪರಿಗೆ ನೈಲಾನ್ ದಾರ ಕಟ್ಟಿ ಗಾಡಿಯನ್ನು ಒಳಗೆ ಬಿಟ್ಟೆ. ಅರ್ಧದಲ್ಲಿ ಒಮ್ಮೆ ಹೂತಿತು, ಹಿಂದೆ ಮುಂದೆ ಆಡಿಸಿದೆ, ಎದ್ದಿತು. ಆ ಕಡೆ ಕೂತಿದ್ದ ಅಕ್ಕನ ಮಗ ‘ಮಾವ, ಬಂತು ಬಂತು’ ಅಂತ ಕೂಗಿದ. ದಾರಕ್ಕೆ ಹಗ್ಗ, ಹಗ್ಗಕ್ಕೆ ಗೋಣಿಚೀಲದ ಉಂಡೆ ಕಟ್ಟಿ ಎಳೆದೆವು, ಕಸವೆಲ್ಲ ಹೊರಗೆ ಬಂತು, ನೀರು ಹರಿಯಿತು.

ಅಪ್ಪಯ್ಯ ಗಾಡಿಯನ್ನು ಎತ್ತಿ, ಕೆಸರು ಒರೆಸಿ, ಅಡಿಮೇಲು ಮಾಡಿ ನೋಡಿದರು. ‘ಪರವಾಗಿಲ್ಲ ಮಾರಾಯ. ಪಕ್ಕದ ಮನೆಯವರೂ ಕೇಳ್ತಿದ್ರು. ನಾಲ್ಕು ಸಾವಿರ ತಾನೆ? ನಾನೇ ಕೊಡ್ತೀನಿ, ಇನ್ನೆರಡು ತರಿಸು.’