ಮೊದಲ ವೈಬ್ರೇಟರ್ ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ: ನನಗಾದದ್ದು ನಿಮಗಾಗದಿರಲಿ

ಪೊಟ್ಟಣ ಬಿಚ್ಚಿದಾಗ ಬಂದ ವಾಸನೆ ನನಗಿನ್ನೂ ನೆನಪಿದೆ. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಹೊಸ ರೈನ್‌ಕೋಟಿನ ಮಡಿಕೆ ಬಿಚ್ಚಿದರೆ ಮೂಗಿಗೆ ಹೊಡೆಯುತ್ತದಲ್ಲ, ಅದೇ ವಾಸನೆ. ಪಕ್ಕದ ಕೋಣೆಯಿಂದ ಅಮ್ಮ, "ಏನೇ ಅದು, ರೈನ್‌ಕೋಟ್ ತರಿಸಿದ್ಯಾ?" ಅಂದರು. ಹೂಂ ಅಂದೆ. ಅದನ್ನು ಆಗಲೇ ವಾಪಸ್ ಡಬ್ಬಿಗೆ ಹಾಕಿ ಮುಚ್ಚಿಬಿಟ್ಟಿದ್ದರೆ ಮುಂದಿನ ಎರಡು ತಿಂಗಳ ಪಾಡು ಇರುತ್ತಿರಲಿಲ್ಲ.

ನನಗೆ 33 ವರ್ಷ. ಗೋಣಿಕೊಪ್ಪದ ಹತ್ತಿರ ಒಂದು ಕಾಫಿ ಎಸ್ಟೇಟಿನ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಮದುವೆ ಮುರಿದು ನಾಲ್ಕು ವರ್ಷವಾಯಿತು, ಅಮ್ಮನ ಜೊತೆ ಇದ್ದೇನೆ. ಮೈಗೂ ತನ್ನದೊಂದು ಆಸೆ ಇರುತ್ತದೆ, ಅದನ್ನು ತೀರಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ ಅನ್ನುವುದು ನನ್ನ ಮನಸ್ಸಿಗೆ ಇಳಿಯಲು ಬಹಳ ದಿನ ಹಿಡಿಯಿತು. ಆ ತೀರ್ಮಾನದ ಬಗ್ಗೆ ನನಗೆ ಇವತ್ತಿಗೂ ಬೇಸರವಿಲ್ಲ. ಬೇಸರ ಇರುವುದು ಕೊಂಡ ರೀತಿಯ ಬಗ್ಗೆ.

ಒಂದು ಸೀರೆಗೆ ಮೂರು ಅಂಗಡಿ ಹತ್ತಿ ಇಳಿಯುತ್ತೇನೆ. ಅಂಚು ಬೆರಳಲ್ಲಿ ಉಜ್ಜಿ ನೋಡಿ, ಹತ್ತಿಯಾ ಪಾಲಿಯೆಸ್ಟರಾ ಅಂತ ಕೇಳುತ್ತೇನೆ. ಮೈಸುಖಕ್ಕೆ ಬಳಸುವ, ಕಂಪಿಸುವ ಈ ಸಾಧನವನ್ನು ಮಾತ್ರ ರಾತ್ರಿ ಹನ್ನೊಂದು ಗಂಟೆಗೆ, ಫೋನಿನ ಬೆಳಕು ತಗ್ಗಿಸಿಕೊಂಡು, ನಾಲ್ಕೇ ನಿಮಿಷದಲ್ಲಿ ಕೊಂಡೆ. 699 ರೂಪಾಯಿ. ತಿಳಿ ಗುಲಾಬಿ ಬಣ್ಣ, "ಸಾಫ್ಟ್ ಜೆಲ್ಲಿ", "ಮೆಡಿಕಲ್ ಗ್ರೇಡ್". ಏನರಲ್ಲಿ ಮಾಡಿದ್ದು ಅಂತ ಎಲ್ಲೂ ಬರೆದಿರಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕಾದರೆ ಯಾರಿಗಾದರೂ ಮೆಸೇಜ್ ಮಾಡಬೇಕಿತ್ತು, ಅಷ್ಟಕ್ಕೂ ನಾಚಿಕೆ.

ನಮ್ಮ ಕಡೆ ಕೊರಿಯರ್‌ನವರು ತೋಟದ ಒಳಗೆ ಮನೆ ತನಕ ಬರುವುದಿಲ್ಲ. ಪೇಟೆಯಲ್ಲಿ ಗೊತ್ತಿರುವ ಒಂದು ಅಂಗಡಿಯಲ್ಲಿ ಬಿಟ್ಟು ಫೋನ್ ಮಾಡುತ್ತಾರೆ. ಕವರಿನ ಮೇಲೆ ದಪ್ಪಕ್ಷರದಲ್ಲಿ "ಪರ್ಸನಲ್ ಮಸಾಜರ್" ಅಂತ ಅಚ್ಚಾಗಿತ್ತು. ಅಂಗಡಿಯವರು ಅಪ್ಪನ ಕಾಲದಿಂದ ಗೊತ್ತಿದ್ದವರು, "ಅಮ್ಮನ ಮಂಡಿ ನೋವಿಗಾ?" ಅಂತ ಕೇಳಿದರು. ಬದುಕಿಕೊಂಡೆ. ಆದರೆ ಸಣ್ಣ ಊರಿನವರು ಹೊರಗಿನ ಕವರಿನ ಮೇಲೆ ಏನು ಬರೆದಿರುತ್ತದೆ, ಕಳಿಸಿದವರ ಹೆಸರು ಏನಂತ ಇರುತ್ತದೆ ಅನ್ನುವುದನ್ನು ಮೊದಲೇ ಕೇಳಿಕೊಳ್ಳಿ.

ಬಳಸಿದ್ದು ಮೂರೇ ಸಲ. ಮನೆಯಲ್ಲಿ ಕೊಬ್ಬರಿ ಎಣ್ಣೆ ಇತ್ತು, ಅದನ್ನೇ ಹಚ್ಚಿದೆ. ಮೊದಲ ಸಲ ಸ್ವಲ್ಪ ಉರಿ ಅನ್ನಿಸಿತು, ಹೊಸದಲ್ಲವಾ ಅಂದುಕೊಂಡೆ. ಮೂರನೆಯ ಸಲದ ಮಾರನೆ ದಿನ ಆಫೀಸಿನ ಕುರ್ಚಿಯಲ್ಲಿ ಕೂರಲಾಗದಷ್ಟು ಉರಿ, ತುರಿಕೆ. ನಲ್ಲಿ ನೀರಿಗೆ ಹಿಡಿದು ತೊಳೆದಾಗ ಬ್ಯಾಟರಿ ಮುಚ್ಚಳದ ಸಂದಿಯಿಂದ ನೀರು ಒಳಗೆ ಹೋಗಿತ್ತು. ಒಳಗಿದ್ದ ಗುಂಡಿಯಂಥ ಸೆಲ್‌ಗಳ ಸುತ್ತ ತುಕ್ಕು, ಬಿಳಿ ಹಿಟ್ಟು. ಬಿಸಾಡಲು ಧೈರ್ಯವಿಲ್ಲ, ಇಡಲು ಜಾಗವಿಲ್ಲ. ಒರೆಸಿ, ಒಂದು ನ್ಯೂಸ್‌ಪೇಪರಿನಲ್ಲಿ ಸುತ್ತಿ, ಬೀರುವಿನಲ್ಲಿ ಚಳಿಗಾಲದ ಸ್ವೆಟರುಗಳ ಕೆಳಗೆ ತುರುಕಿದೆ.

ಅದು ಕಕ್ಕಡದ ತಿಂಗಳು. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ಇಲ್ಲಿ ಬಟ್ಟೆ ಒಣಗುವುದು ಒಲೆಯ ಮೇಲಿನ ಹಗ್ಗದಲ್ಲೇ. ಚಪ್ಪಲಿ, ಬೆಲ್ಟು, ಗೋಡೆಗೆ ತೂಗುಹಾಕಿದ ಫೋಟೋ, ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಮೂರು ವಾರ ಬಿಟ್ಟು ಪೊಟ್ಟಣ ತೆಗೆದೆ. ಕಾಗದದ ಮೇಲೆ ಬೋಂಡಾ ಸುತ್ತಿಟ್ಟ ಹಾಗೆ ಎಣ್ಣೆಯ ಕಲೆ. ಪೇಪರ್ ಎಳೆದರೆ ಅಂಟಿಕೊಂಡು ಹರಿಯಿತು. ಆ ಗುಲಾಬಿ ಮೈ ಮೇಲೆ ಪೇಪರಿನ ಮಸಿ ಇಳಿದಿತ್ತು. ಕಾಫಿ ದರದ ಪಟ್ಟಿಯ ಒಂದು ತುಂಡು, ಅಕ್ಷರ ಎಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು. ಸೋಪು ಹಾಕಿ ಎಷ್ಟು ಉಜ್ಜಿದರೂ ಹೋಗಲಿಲ್ಲ. ಬುಡದ ಹತ್ತಿರ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು, ಅವೂ ಹೋಗಲಿಲ್ಲ. ಅವು ಮೇಲೆ ಕೂತಿರಲಿಲ್ಲ, ಒಳಗೆ ಬೆಳೆದಿದ್ದವು. ಇದನ್ನಾ ನಾನು ಮೈಯೊಳಗೆ ಬಿಟ್ಟುಕೊಂಡದ್ದು ಅಂತ ಕೈ ನಡುಗಿತು.

ಇಷ್ಟರಲ್ಲಿ ನಾನು ಇನ್ನೆರಡು ತಪ್ಪು ಮಾಡಿ ಆಗಿತ್ತು. ಉರಿ ಹೋಗಲಿ ಅಂತ ಆಂಟಿಸೆಪ್ಟಿಕ್ ಹಾಕಿದ ನೀರಿನಿಂದ ಒಳಗೆಲ್ಲ ತೊಳೆದುಕೊಂಡೆ. ಮೆಡಿಕಲ್ ಶಾಪಿನಲ್ಲಿ "ತುರಿಕೆಗೆ ಏನಾದರೂ ಕೊಡಿ" ಅಂತ ಕೇಳಿ ಒಂದು ಟ್ಯೂಬ್ ತಂದು ಹಚ್ಚಿದೆ. ಅದರಲ್ಲಿ ಸ್ಟೀರಾಯ್ಡ್ ಬೆರೆತಿತ್ತು ಅಂತ ಆಮೇಲೆ ಗೊತ್ತಾಯಿತು. ಎರಡು ದಿನ ಆರಾಮ ಅನ್ನಿಸಿ, ನಂತರ ದುಪ್ಪಟ್ಟಾಯಿತು.

ಇಲ್ಲಿನ ಡಾಕ್ಟರ ಹತ್ತಿರ ಹೋದರೆ ಅಲ್ಲಿ ಚೀಟಿ ಬರೆಯುವವಳು ನನ್ನ ಸ್ಕೂಲಿನವಳು. ಹಾಗಾಗಿ ಬಸ್ಸು ಹತ್ತಿ ಮೈಸೂರಿಗೆ ಹೋದೆ. ತಿತಿಮತಿ ದಾಟಿ ಕಾಡಿನ ರಸ್ತೆ, ಹುಣಸೂರು, ಅಲ್ಲಿಂದ ಮುಂದೆ. ಒಂದೊಂದು ಹಂಪ್‌ಗೂ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಡಾಕ್ಟರ್ ಐವತ್ತು ದಾಟಿದ ಹೆಂಗಸು. ನೋಡಿ, ಕೈ ತೊಳೆಯುತ್ತ ಕೇಳಿದರು: "ಇತ್ತೀಚೆಗೆ ಏನಾದರೂ ಹೊಸದು ಬಳಸಿದ್ಯಾಮ್ಮಾ? ಸೋಪು, ಪ್ಯಾಡು, ಕ್ರೀಮು, ಟಾಯ್?" ಪ್ಯಾಡಿನ ಪಕ್ಕಕ್ಕೆ ಆ ಮಾತನ್ನೂ ಇಟ್ಟು, ಅಷ್ಟು ಮಾಮೂಲಾಗಿ ಕೇಳಿದ್ದಕ್ಕೆ ನನಗೆ ಅಳು ಬಂತು. ಎಲ್ಲ ಹೇಳಿದೆ. "ಕೆಮಿಕಲ್‌ಗೆ ಚರ್ಮ ಕೆರಳಿದೆ, ಅದರ ಮೇಲೆ ಫಂಗಸ್ ಬಂದು ಕೂತಿದೆ. ಬಂದದ್ದು ತಡ ಆಯ್ತು, ಬಂದ್ಯಲ್ಲ, ಅದು ಮುಖ್ಯ," ಅಂದರು. ಆರೋಗ್ಯವಾಗಿರುವಾಗ ಯೋನಿಯ ಒಳಭಾಗ ಹುಳಿ ಗುಣದ್ದು, ಹುಳಿ ಅಳೆಯುವ ಪಿಎಚ್ ಲೆಕ್ಕದಲ್ಲಿ ಸುಮಾರು 3.8ರಿಂದ 4.5. ಅಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳೇ ಕಾವಲು. ಸೋಪು, ಆಂಟಿಸೆಪ್ಟಿಕ್ ಹಾಕಿ ತೊಳೆದರೆ ಆ ಕಾವಲನ್ನೇ ಓಡಿಸಿದ ಹಾಗೆ ಅಂತ ಬಿಡಿಸಿ ಹೇಳಿದರು. ಪೂರ್ತಿ ಗುಣವಾಗಲು ಮೂರು ವಾರ ಬೇಕಾಯಿತು.

ಆಮೇಲೆ ಬೆಂಗಳೂರಿನಲ್ಲಿರುವ ಚಿಕ್ಕಮ್ಮನ ಮಗಳಿಗೆ ಫೋನ್ ಮಾಡಿ ಹೇಳಿಕೊಂಡೆ. ಅವಳು ಪ್ಲಾಸ್ಟಿಕ್ ಕಂಪನಿಯೊಂದರ ಲ್ಯಾಬಿನಲ್ಲಿ ಇದ್ದವಳು. ನಗಲಿಲ್ಲ. "ಅಕ್ಕಾ, ಏನರಲ್ಲಿ ಮಾಡಿದ್ದು ಅಂತ ನೋಡಿದ್ಯಾ?" ಅದೊಂದೇ ಕೇಳಿದಳು. ಅವಳಿಂದ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಪಿವಿಸಿ ಅನ್ನುವುದು ಹುಟ್ಟಾ ಗಟ್ಟಿ ಪ್ಲಾಸ್ಟಿಕ್, ನಮ್ಮ ನೀರಿನ ಪೈಪು ಅದೇ. ಅದನ್ನು ಜೆಲ್ಲಿಯ ಹಾಗೆ ಮೆತ್ತಗೆ ಮಾಡಲು ಎಣ್ಣೆಯಂಥ ರಾಸಾಯನಿಕ ಬೆರೆಸುತ್ತಾರೆ. ಅಗ್ಗದ್ದರಲ್ಲಿ ಅದು ಬಹಳ ಸಲ ಥಾಲೇಟ್ ಅನ್ನುವ ಗುಂಪಿಗೆ ಸೇರಿದ್ದು. ಅದು ಪ್ಲಾಸ್ಟಿಕ್ಕಿನ ಜೊತೆ ಗಟ್ಟಿಯಾಗಿ ಬೆಸೆದುಕೊಂಡಿರುವುದಿಲ್ಲ, ನಿಧಾನವಾಗಿ ಹೊರಗೆ ಒಸರುತ್ತದೆ. ಆ ಪೇಪರಿನ ಮೇಲಿದ್ದ ಎಣ್ಣೆ ಕಲೆ, ಮೈಗೆ ಅಂಟಿದ ಮಸಿ, ಎಲ್ಲ ಇಂಥ ಒಸರಿನ ಗುರುತು. ಮಕ್ಕಳು ಬಾಯಿಗೆ ಹಾಕುವ ಆಟಿಕೆಗಳಲ್ಲಿ ಕೆಲವು ಥಾಲೇಟ್‌ಗಳನ್ನು ಯುರೋಪು 1999ರಲ್ಲೇ ತಡೆಯಿತು. ಅಮೆರಿಕ 2008ರ ಕಾನೂನಿನಲ್ಲಿ ಶೇಕಡಾ 0.1 ದಾಟಬಾರದು ಅಂದಿತು. ಕೂಸಿನ ಬಾಯಿಗೆ ಬೇಡ ಅಂದದ್ದು ಹೆಂಗಸಿನ ಮೈಯೊಳಗೆ ಹೋಗಬಹುದು ಅಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ದೊಡ್ಡವರ ಈ ಸಾಧನಗಳಿಗೆ ಅಂತಲೇ ಐಎಸ್‌ಒ 3533 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಬಂದದ್ದು 2021ರಲ್ಲಿ, ಅದನ್ನೂ ಪಾಲಿಸಲೇಬೇಕು ಅಂತ ಒತ್ತಾಯವಿಲ್ಲ.

ಟಿಪಿಇ, ಟಿಪಿಆರ್ ಅಂತ ಬರೆದಿರುವ, ರಬ್ಬರಿನಂಥ ಮೆತ್ತನೆ ಪ್ಲಾಸ್ಟಿಕ್ಕಿನವೂ ಇವೆ. ಎಲ್ಲವೂ ವಿಷ ಅಂತಲ್ಲ, ಆದರೆ ಅವುಗಳ ಮೈ ತುಂಬ ಕಣ್ಣಿಗೆ ಕಾಣದ ರಂಧ್ರ. ಎಷ್ಟು ತೊಳೆದರೂ ಒಳಗಿನ ತೇವ, ಕ್ರಿಮಿ ಹೋಗುವುದಿಲ್ಲ. ಒಣ ಹವೆಯ ಊರಿನಲ್ಲಿ ಹೇಗೋ ನಡೆದೀತು, ನಮ್ಮ ಮಳೆಗಾಲದಲ್ಲಿ ಖಂಡಿತ ಬೇಡ. ರಂಧ್ರವಿಲ್ಲದವು ಮುಖ್ಯವಾಗಿ ನಾಲ್ಕು: ಬೇರೇನೂ ಬೆರೆಸದ ನೂರಕ್ಕೆ ನೂರು ಸಿಲಿಕೋನ್, ಗಟ್ಟಿ ಎಬಿಎಸ್ ಪ್ಲಾಸ್ಟಿಕ್, ಬೋರೋಸಿಲಿಕೇಟ್ ಗಾಜು, ಸ್ಟೇನ್‌ಲೆಸ್ ಸ್ಟೀಲ್. ಒಳ್ಳೆಯ ಸಿಲಿಕೋನಿಗೆ ವಾಸನೆ ಇರುವುದಿಲ್ಲ ಅಂದರೂ ನಡೆಯುತ್ತದೆ, ಕೈಗೆ ಅಂಟುವುದಿಲ್ಲ, ಸಾಮಾನ್ಯವಾಗಿ ಗಾಜಿನ ಹಾಗೆ ಆಚೆ ಕಾಣುವಷ್ಟು ಪಾರದರ್ಶಕವಾಗಿಯೂ ಇರುವುದಿಲ್ಲ. "ಸಿಲಿಕೋನ್ ಫೀಲ್", "ಸಿಲಿಕೋನ್ ಬ್ಲೆಂಡ್" ಅಂತ ಬರೆದಿದ್ದರೆ ಅದು ಪೂರ್ತಿ ಸಿಲಿಕೋನ್ ಅಲ್ಲ ಅಂತಲೇ ತಿಳಿಯಿರಿ.

ಎಣ್ಣೆಯ ವಿಷಯ. ಕೊಬ್ಬರಿ ಎಣ್ಣೆ ರಂಧ್ರದೊಳಗೆ ಕೂತು ಕಮಟುತ್ತದೆ, ಮೇಲೆ ಕಾಂಡೋಮ್ ಹಾಕಿದ್ದರೆ ಅದರ ರಬ್ಬರನ್ನು ಸಡಿಲ ಮಾಡಿ ಹರಿಯುವ ಹಾಗೆ ಮಾಡುತ್ತದೆ. ನೀರಿನ ಆಧಾರದ ಲೂಬ್ರಿಕೆಂಟ್ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ, ಅದು ಎಲ್ಲಕ್ಕೂ ಆಗುತ್ತದೆ. ಸಿಲಿಕೋನ್ ಸಾಧನಕ್ಕೆ ಸಿಲಿಕೋನ್ ಲೂಬ್ರಿಕೆಂಟ್ ಹಾಕಿದರೆ ಮೈ ಹಾಳಾಗಬಹುದು, ಹಾಕಬೇಡಿ.

ಇನ್ನೊಂದು ಮಾತು, ನನಗೆ ಯಾರೂ ಹೇಳಿರದಿದ್ದದ್ದು. ಮೊದಲ ಸಲದವರು ಒಳಗೆ ಹಾಕುವ ದೊಡ್ಡದನ್ನೇ ತಗೊಳ್ಳಬೇಕು ಅಂತ ಏನೂ ಇಲ್ಲ. ಹೆಚ್ಚಿನ ಹೆಂಗಸರಿಗೆ ಸುಖ ಸಿಗುವುದು ಕ್ಲಿಟೋರಿಸ್‌ನಿಂದ, ಅಂದರೆ ಮೇಲ್ಭಾಗದಲ್ಲಿ ಬಟಾಣಿಯಷ್ಟು ಹೊರಗೆ ಕಾಣುವ ಆ ಅಂಗದಿಂದ. ಅದರ ಬಹುಪಾಲು ಒಳಗೇ ಅಡಗಿದೆ ಅಂತ ಆಸ್ಟ್ರೇಲಿಯಾದ ವೈದ್ಯೆ ಹೆಲೆನ್ ಓಕಾನೆಲ್ 1998ರಲ್ಲಿ ವಿವರವಾಗಿ ತೋರಿಸಿಕೊಟ್ಟರು. ಹಾಗಾಗಿ ಹೊರಗಿನಿಂದಲೇ ಬಳಸುವ, ಹೆಬ್ಬೆರಳಿನಷ್ಟು ಸಣ್ಣದು ಸಾಕು. ವೇಗ ಕಮ್ಮಿಯಿಂದ ಶುರುವಾಗಿ ಹಂತಹಂತವಾಗಿ ಏರುವಂಥದ್ದು ನೋಡಿ. ಹಿಂಬದಿಗೆ ಬಳಸುವ ಯೋಚನೆ ಇದ್ದರೆ ಬುಡ ಅಗಲವಾಗಿ ಹರಡಿರಲೇಬೇಕು. ಇಲ್ಲದಿದ್ದರೆ ಒಳಗೆ ಎಳೆದುಕೊಂಡು ಹೋಗಿ ಆಸ್ಪತ್ರೆಯಲ್ಲಿ ತೆಗೆಸಬೇಕಾಗುತ್ತದೆ. ನೀರಿನ ವಿಷಯಕ್ಕೆ ಐಪಿಎಕ್ಸ್7 ಅಂತ ಇದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ, ಐಪಿಎಕ್ಸ್4 ಬರೀ ಎರಚಲಿಗೆ.

ಮೋಸದ ವಿಷಯವನ್ನೂ ಹೇಳಿಬಿಡುತ್ತೇನೆ. ಗುಣವಾದ ಮೇಲೆ ಒಳ್ಳೆಯದನ್ನೇ ತಗೊಳ್ಳೋಣ ಅಂತ ಸೋಶಿಯಲ್ ಮೀಡಿಯಾದ ಒಂದು ಪೇಜಿಗೆ ಯುಪಿಐನಲ್ಲಿ 2,800 ರೂಪಾಯಿ ಕಳಿಸಿದೆ. ನಾಲ್ಕನೇ ದಿನ ಗಂಡಸೊಬ್ಬನ ಫೋನ್: ಪಾರ್ಸೆಲ್ ಕಸ್ಟಮ್ಸ್‌ನವರು ಹಿಡಿದಿದ್ದಾರೆ, 6,500 ಕಟ್ಟಿ, ಇಲ್ಲದಿದ್ದರೆ ಮನೆಗೆ ಪೊಲೀಸ್ ನೋಟಿಸ್ ಬರುತ್ತದೆ. ಅಮ್ಮನ ಮುಖ ಕಣ್ಣ ಮುಂದೆ ಬಂತು, ಕಟ್ಟಿಬಿಡುವವಳೇ ಇದ್ದೆ. ಬೆಂಗಳೂರಿನ ಆ ತಂಗಿ ಬೈದು ನಿಲ್ಲಿಸಿ, 1930ಕ್ಕೆ ಫೋನ್ ಮಾಡಿಸಿದಳು. ಅದು ಸೈಬರ್ ವಂಚನೆಯ ಸಹಾಯವಾಣಿ, ಏನು ಕೊಳ್ಳಲು ಹೋಗಿದ್ದೆ ಅಂತ ಅಲ್ಲಿ ಯಾರೂ ಕೆದಕಲಿಲ್ಲ. ಕಳಿಸಿದ ದುಡ್ಡು ವಾಪಸ್ ಬರಲಿಲ್ಲ, ಆದರೆ ಫೋನ್ ನಿಂತಿತು. ಇಂಥವರು ಬದುಕುವುದೇ ನಮ್ಮ ಹೆದರಿಕೆಯ ಮೇಲೆ. ಈ ಸಾಧನಗಳ ಹೆಸರು ಹಿಡಿದು ನಿಷೇಧಿಸುವ ಕಾನೂನು ನಮ್ಮಲ್ಲಿಲ್ಲ. ಅಶ್ಲೀಲ ವಸ್ತುಗಳ ಮಾರಾಟ, ಆಮದಿನ ಬಗ್ಗೆ ಇರುವ ಕಾನೂನನ್ನೇ ಎಳೆದು ತರುತ್ತಾರೆ, ಅದು ಹಿಂದೆ ಐಪಿಸಿ 292, ಈಗ ಭಾರತೀಯ ನ್ಯಾಯ ಸಂಹಿತೆಯ 294. ಕಸ್ಟಮ್ಸ್‌ನವರು ಬಾಡಿ ಮಸಾಜರ್‌ಗಳನ್ನು ತಡೆಹಿಡಿದ ಒಂದು ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2024ರಲ್ಲಿ ಆಮದುದಾರರ ಪರವಾಗಿಯೇ ಹೇಳಿತು. ಈ ಗೊಂದಲದಿಂದಾಗಿಯೇ ಡಬ್ಬಿಯ ಮೇಲೆ "ಮಸಾಜರ್" ಅಂತ ಮಾತ್ರ ಬರೆಯುತ್ತಾರೆ, ಎಲ್ಲಿಗೆ ಬಳಸುವುದು ಅಂತ ಬರೆಯದೆ ಜವಾಬ್ದಾರಿ ಜಾರಿಸಿಕೊಳ್ಳುತ್ತಾರೆ.

ಈಗಾಗಲೇ ಜೆಲ್ಲಿಯಂಥದ್ದು ಕೊಂಡುಬಿಟ್ಟಿದ್ದೀರಾ? ವಾಸನೆ ಇದ್ದರೆ, ಅಂಟಂಟಾಗಿದ್ದರೆ, ದಯವಿಟ್ಟು ಬಿಸಾಡಿ, 699 ಹೋಗಲಿ. ಸೆಲ್‌ಗಳನ್ನು ಬೇರೆ ತೆಗೆದು ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ, ಯಾವುದನ್ನೂ ಒಲೆಗೆ ಹಾಕಬೇಡಿ, ಪಿವಿಸಿ ಸುಟ್ಟ ಹೊಗೆ ಕೆಟ್ಟದ್ದು. ಉರಿ, ತುರಿಕೆ, ಬಿಳಿ ಸ್ರಾವ ಶುರುವಾಗಿದ್ದರೆ ನನ್ನ ಹಾಗೆ ದಿನ ತಳ್ಳದೆ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ, ಬಳಸಿದ್ದನ್ನು ಬಾಯಿಬಿಟ್ಟು ಹೇಳಿ.

ಕಳೆದ ತಿಂಗಳು ಮೂರು ಮಾರಾಟಗಾರರಿಗೆ ಒಂದೇ ಮೆಸೇಜ್ ಕಳಿಸಿದೆ. ನಾಚಿಕೆಯಾಗುವವರು ಇದನ್ನೇ ನಕಲು ಮಾಡಿಕೊಳ್ಳಿ: "ಮೈಗೆ ತಾಗುವ ಭಾಗ ಏನರಲ್ಲಿ ಮಾಡಿದ್ದು? ನೂರಕ್ಕೆ ನೂರು ಸಿಲಿಕೋನಾ? ಥಾಲೇಟ್ ಇಲ್ಲ ಅನ್ನುವ ಲ್ಯಾಬ್ ರಿಪೋರ್ಟ್ ಇದೆಯಾ? ನೀರಿನ ರೇಟಿಂಗ್ ಎಷ್ಟು? ಹೊರಗಿನ ಕವರಿನ ಮೇಲೆ ಏನು ಬರೆದಿರುತ್ತದೆ?" ಒಬ್ಬರು ಉತ್ತರಿಸಲೇ ಇಲ್ಲ. ಇನ್ನೊಬ್ಬರು, "ಬೆಸ್ಟ್ ಕ್ವಾಲಿಟಿ ಮೇಡಂ, ಇವತ್ತೇ ಆರ್ಡರ್ ಮಾಡಿದರೆ ಡಿಸ್ಕೌಂಟ್" ಅಂದರು. ಮೂರನೆಯವರು ಐದೂ ಪ್ರಶ್ನೆಗೆ ಒಂದೊಂದಾಗಿ ಉತ್ತರ ಬರೆದು, ರಿಪೋರ್ಟಿನ ಪ್ರತಿ ಕಳಿಸಿದರು. ಅವರಿಂದ ತಗೊಂಡೆ, 2,300 ಆಯಿತು. ಪೊಟ್ಟಣ ಬಿಚ್ಚಿ ಮೊದಲು ಮೂಗಿನ ಹತ್ತಿರ ಹಿಡಿದೆ. ಏನೂ ವಾಸನೆ ಇರಲಿಲ್ಲ. ಈಗ ಅದನ್ನು ಬಳಸಿ, ಉಗುರುಬೆಚ್ಚಗಿನ ನೀರು, ಮೆತ್ತನೆ ಸೋಪಿನಲ್ಲಿ ತೊಳೆದು, ಪೂರ್ತಿ ಒಣಗುವ ತನಕ ಕಿಟಕಿಯ ಬಳಿ ಟವೆಲಿನ ಮೇಲಿಟ್ಟು, ಆಮೇಲೆ ಹತ್ತಿ ಚೀಲಕ್ಕೆ ಹಾಕುತ್ತೇನೆ. ಈ ಸಲದ ಕಕ್ಕಡ ಕಳೆದರೂ ಒಂದು ಚುಕ್ಕೆ ಬಂದಿಲ್ಲ.