ತಾಯಿ ಇರುವ ಕಥೆಗೆ ಎಐ ಕರಡು ತಿದ್ದುಗಾರ ಎಷ್ಟು ಲಾಯಕ್ಕು?

ಕಥೆಯ ಕರಡು ತಿದ್ದಲು ಎಐ ಚಾಟ್‌ಬಾಟ್ ಬಳಸುವವರು ಹೆಚ್ಚುತ್ತಿದ್ದಾರೆ. ಕಾಗುಣಿತದ ಮಟ್ಟಿಗೆ ಅಡ್ಡಿಯಿಲ್ಲ. ಅಲ್ಪಪ್ರಾಣ-ಮಹಾಪ್ರಾಣದ ಗೊಂದಲ, ಶ-ಷ ಅದಲುಬದಲು, ಬಿಟ್ಟುಹೋದ ಒತ್ತು ಬಹುಪಾಲು ಸಿಕ್ಕಿಬೀಳುತ್ತವೆ. ಆದರೆ ‘ಭಾಷೆ ಚೆಂದ ಮಾಡು’ ಅಂದಿರೋ, ಕೆಟ್ಟಿತು. ತಾಯಿಯ ಕಥೆಯಲ್ಲಿ ಹಾನಿ ಇನ್ನೂ ಜಾಸ್ತಿ. ಆಕೆಯ ತ್ಯಾಗವನ್ನು ಕನ್ನಡದಲ್ಲಿ ಹೊರುವುದು ಕ್ರಿಯಾಪದಗಳು. ವಿಶೇಷಣಗಳಿಗೆ ಅಲ್ಲಿ ಕೆಲಸವೇ ಕಡಿಮೆ.

ಉದಾಹರಣೆಗೆ: “ಎದ್ದು, ಒಲೆ ಹಚ್ಚಿ, ಮಕ್ಕಳಿಗೆ ಬಡಿಸಿ, ಪಾತ್ರೆ ತೊಳೆದು, ಉಳಿದಿದ್ದರೆ ಉಂಡು ಮಲಗುತ್ತಿದ್ದಳು.” ಐದು ಕೃದಂತಗಳಾದ (‘ಎದ್ದು’, ‘ಹಚ್ಚಿ’ಯಂತೆ ವಾಕ್ಯ ಮುಗಿಸದ ಕ್ರಿಯಾರೂಪಗಳು) ಮೇಲೆ ಒಂದು ಪೂರ್ಣ ಕ್ರಿಯಾಪದ, ಅದೂ ಮಲಗುವುದು. ಕರ್ತೃಪದವೇ ಇಲ್ಲ, ಹೆಂಗಸು ಎಂದು ತಿಳಿಯುವುದು ಕೊನೆಯ ‘ಳು’ವಿನಿಂದ. ಅವಳ ಊಟಕ್ಕೆ ಮಾತ್ರ ‘ಉಳಿದಿದ್ದರೆ’ ಎಂಬ ಷರತ್ತು. ಸುಧಾರಿಸಲು ಕೊಟ್ಟರೆ ಇದು ಹೀಗೆ ಮರಳುವ ಸಂಭವವೇ ಹೆಚ್ಚು: “ಅವಳು ಬೇಗ ಏಳುತ್ತಿದ್ದಳು. ಅವಳು ಒಲೆ ಹಚ್ಚುತ್ತಿದ್ದಳು. ತನ್ನ ಹಸಿವನ್ನು ಲೆಕ್ಕಿಸದೆ ಮಕ್ಕಳಿಗೆ ಬಡಿಸುತ್ತಿದ್ದಳು.” ತನ್ನದೊಂದು ವಾಕ್ಯವೂ ಇಲ್ಲದಿದ್ದವಳು ಈಗ ಪ್ರತಿ ಕೆಲಸಕ್ಕೂ ಹಾಜರಿ ಹಾಕಿಸಿಕೊಂಡಂತಾಯಿತು. ಹಸಿವನ್ನು ಬಾಯಿಬಿಟ್ಟು ಹೇಳಿದ್ದು ಬೇರೆ.

ಇದಕ್ಕಿಂತ ಸೂಕ್ಷ್ಮವಾದ ಪೆಟ್ಟು ಬೀಳುವುದು ಸಹಾಯಕ ಕ್ರಿಯಾಪದಗಳಿಗೆ. ಮಗಳಿಗೆ ಲಂಗ ‘ಹೊಲಿದುಕೊಟ್ಟಳು’, ಮಗನ ಶುಲ್ಕ ‘ಹೊಂದಿಸಿಕೊಟ್ಟಳು’ ಎಂದು ಕಥೆಯುದ್ದಕ್ಕೂ ‘ಕೊಡು’ವನ್ನೇ ಬಳಸಿ, ಒಂದೇ ಒಂದು ಕಡೆ ತನ್ನ ಹರಿದ ಸೆರಗನ್ನು ‘ಹೊಲಿದುಕೊಂಡಳು’ ಎಂದು ಬರೆದ ಲೇಖಕಿಯ ಲೆಕ್ಕ ಪಕ್ಕಾ ಇರುತ್ತದೆ. ತನಗಾಗಿ ಅವಳು ಮಾಡಿಕೊಂಡದ್ದು ಅಷ್ಟೇ. ಸಂಕ್ಷಿಪ್ತಗೊಳಿಸು ಅಂದರೆ ಎರಡೂ ‘ಹೊಲಿದಳು’ ಆಗುತ್ತವೆ. ವ್ಯಾಕರಣ ಸರಿ, ಕಥೆ ಹೋಯಿತು.

‘ಅಪ್ಪ ಬಂದರು, ಅಮ್ಮ ಬಂದಳು’ ಎಂಬಲ್ಲಿನ ಗೌರವದ ವ್ಯತ್ಯಾಸವನ್ನೂ ದೋಷವೆಂದು ಸಮ ಮಾಡಿಬಿಡುವುದುಂಟು. ಇನ್ನು ‘ಮಾಡಿದವಳು ಕಾಣದಂತೆ ಬರೆ’ ಎಂದು ಕೇಳಿದರಂತೂ ‘ಅನ್ನ ಬಡಿಸಲ್ಪಟ್ಟಿತು’ ಬರುತ್ತದೆ. ಕರ್ತೃವನ್ನು ಮರೆಮಾಡಲು ಇಂಗ್ಲಿಷ್ ಹಿಡಿಯುವ ದಾರಿ ಅದು; ಕನ್ನಡದಲ್ಲಿ ‘ಅವಳು’ ಎಂಬುದನ್ನು ಬಿಟ್ಟರೆ ಸಾಕು.

ಬಳಸಲೇಬೇಕೆಂದರೆ ‘ತಿದ್ದು’ ಅನ್ನಬೇಡಿ. “ಕಾಗುಣಿತದ ತಪ್ಪುಗಳನ್ನಷ್ಟೇ ಪಟ್ಟಿ ಮಾಡು, ಪಠ್ಯವನ್ನು ಮತ್ತೆ ಬರೆಯಬೇಡ” ಎಂದು ಹೇಳಿ, ಬದಲಾವಣೆಗಳನ್ನು ಕೈಯಾರೆ ಮಾಡಿ. ಒಮ್ಮೆಗೆ ಒಂದೇ ಪ್ಯಾರಾ ಕೊಡಿ; ಇಡೀ ಕಥೆ ಸುರಿದರೆ ನಡುವಿನ ಸಾಲುಗಳು ಸದ್ದಿಲ್ಲದೆ ಮಾಯವಾಗಬಹುದು. ಪಠ್ಯವೇ ಮರಳಿ ಬಂದಿದ್ದರೆ ಮೊದಲು ಪೂರ್ಣವಿರಾಮ ಎಣಿಸಿ. ಮೂಲಕ್ಕಿಂತ ಹೆಚ್ಚಿದ್ದರೆ ಕೃದಂತಗಳ ಸರಪಳಿ ಎಲ್ಲೋ ತುಂಡಾಗಿದೆ ಎಂದೇ ಲೆಕ್ಕ. ಸಂಭಾಷಣೆಯನ್ನಂತೂ ಕೊಡಲೇಬೇಡಿ, ‘ಉಂಡಿಯೇನ್ ಯವ್ವಾ’ ಹೋಗಿ ‘ಊಟ ಮಾಡಿದೆಯಾ ಅಮ್ಮ’ ಆಗಿರುತ್ತದೆ.

ಕಾಗುಣಿತಕ್ಕೆ 5ರಲ್ಲಿ 4 ಅಂಕ, ಶೈಲಿಗೆ 1.