ಸಂಕ್ರಾಂತಿಗೆ ಮರದ ಸಕ್ಕರೆ ಅಚ್ಚಿನ ಮಣೆ: ಕೊಳ್ಳಬಹುದೇ?

ಎಳ್ಳು ಬೀರುವ ತಟ್ಟೆಗೆ ಮನೆಯಲ್ಲೇ ಸಕ್ಕರೆ ಅಚ್ಚು ಹಾಕುವವರು ಧಾರಾಳವಾಗಿ ಕೊಳ್ಳಿ. ಒಂದೇ ಬದಿ ರೂಪ ಬರುವ ಸಿಲಿಕೋನ್ ತಟ್ಟೆಗಿಂತ ಇದು ಎಷ್ಟೋ ಮೇಲು. ಗಿಣಿ, ಗೋಪುರ ಎರಡೂ ಬದಿ ತುಂಬಿಕೊಂಡು ಬರುತ್ತವೆ. ಅಂಗಡಿಯಲ್ಲೇ ಮಣೆಯ ಹೋಳುಗಳನ್ನು ಜೋಡಿಸಿ ಬೆಳಕಿಗೆ ಹಿಡಿಯಿರಿ. ಸಂದು ಕಂಡರೆ ಬೇಡ, ಪಾಕ ಸೋರುತ್ತದೆ.

ಬಳಸುವ ಮುನ್ನ ಕನಿಷ್ಠ 2 ಗಂಟೆ ನೀರಲ್ಲಿ ನೆನೆಸಲೇಬೇಕು. ಒಣ ಮರಕ್ಕೆ ಪಾಕ ಅಂಟಿಕೊಂಡು, ಬಿಡಿಸುವಾಗ ಗಿಣಿಯ ಕೊಕ್ಕೇ ಮುರಿಯುತ್ತದೆ. ನೀರು ಕೊಡವಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಹಾಲು ಹಾಕಿ ಕೊಳೆ ತೆಗೆದು ಸೋಸಿದ ಪಾಕವನ್ನು ಸ್ವಲ್ಪಸ್ವಲ್ಪವೇ ಕಾಯಿಸಿ ತಿರುವಿ. ಅಂಚು ಬೆಳ್ಳಗಾದ ಕೂಡಲೇ ಸುರಿಯಿರಿ. ತಡವಾದರೆ ಬಾಣಲೆಯಲ್ಲೇ ಗಟ್ಟಿ, ಅವಸರಿಸಿದರೆ ಅಚ್ಚು ಮೆತ್ತಗೆ.

ತೊಳೆದ ಮಣೆಯನ್ನು ನೆರಳಲ್ಲೇ ಒಣಗಿಸಿ, ಬಿಸಿಲಿಗೆ ಮರ ಸೀಳುತ್ತದೆ.